ನಿನ್ನ ನೆಲನೆಲ್ಲಿ ಪುಡಿ ಇನ್ನೂ ಡಬ್ಬದಲ್ಲೇ ಇದೆ

ಡೊಂಬಿವಲಿ

ಪ್ರೀತಿಯ ಸುರೇಶ,

ತಮ್ಮನ ಲಿವರ್ ಕಾಯಿಲೆಗೆ ಅಂತ ನೀನು ಕುಂದಾಪುರದಿಂದ ಕಳಿಸಿದ ನೆಲನೆಲ್ಲಿ ಪುಡಿ ಬಂತು. ಅಮ್ಮ ಅದನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದಾಳೆ. ಅವನಿಗೆ ಕೊಟ್ಟಿಲ್ಲ, ಬೇಜಾರು ಮಾಡ್ಕೋಬೇಡ. ಫೋನಿನಲ್ಲಿ ನೀನು ದನಿ ತಗ್ಗಿಸಿ "ಅವನಿಗೆ ಕುಡಿಯುವ ಅಭ್ಯಾಸ ಇತ್ತಾ ಮಾರಾಯ?" ಅಂತ ಕೇಳಿದೆಯಲ್ಲ, ಹಾಗೆ ಕೇಳುವವರು ತುಂಬ ಜನ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ತಮ್ಮನೂ ಒಪ್ಪಿದ್ದಾನೆ.

ಕುಡಿಯುತ್ತಿರಲಿಲ್ಲ. ಘಾಟ್ಕೋಪರ್ ಹೋಟೆಲಿನ ಗಲ್ಲಾದಲ್ಲಿ ಕೂತು ದಿನಕ್ಕೆ ಎಂಟು ಚಾ ಕುಡಿಯುತ್ತಿದ್ದ, ಅಷ್ಟೇ. ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು, ಆಮೇಲೆ ಹೊಟ್ಟೆ ಊದಿತು, ಕಾಲೂ ಊದಿತು. ಮೊದಲು ನೋಡಿದ ಡಾಕ್ಟರು ತಲೆಯೆತ್ತದೆ "ಬಾಟಲಿ ಬಿಡು" ಅಂದರು. ಇಲ್ಲ ಅಂದರೆ ನಂಬಲಿಲ್ಲ. ನೆಂಟರೂ ನಂಬಲಿಲ್ಲ. ಒಂದು ರಾತ್ರಿ ನಾನೂ ಅವನ ಬ್ಯಾಗು ತಡಕಾಡಿದೆ ಕಣೋ. ಅದನ್ನು ಅವನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿ ಗೊತ್ತಾಗಲಿ. ಎರಡು ತಿಂಗಳು ಹೀಗೇ ಹೋಯಿತು.

ಕೊನೆಗೆ ಪರೇಲಿನಲ್ಲಿ ಒಬ್ಬರು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ರಕ್ತ ಹರಿಯುತ್ತಿದೆಯೋ ಇಲ್ಲವೋ ತೋರಿಸುವ ಸ್ಕ್ಯಾನ್ ಅದು. ಕಾಯಿಲೆಯ ಹೆಸರು ಬಡ್-ಕಿಯಾರಿ, ಲಿವರ್ ಒಳಗಿನ ರಕ್ತ ಹೊರಗೆ ಹೋಗುವ ದಾರಿ ಮುಚ್ಚಿಕೊಳ್ಳುವುದು. 1845ರಲ್ಲಿ ಜಾರ್ಜ್ ಬಡ್, 1899ರಲ್ಲಿ ಹಾನ್ಸ್ ಕಿಯಾರಿ ಇದರ ಬಗ್ಗೆ ಬರೆದರಂತೆ. ಅಮ್ಮನ ಬಾಯಲ್ಲಿ ಅದು "ಬಡ ಕ್ಯಾರಿ".

ಮುಂಬೈಯ ಹಿಂದಮಾತಾ ನೆನಪಿದೆಯಲ್ಲ? ಮಳೆಗಾಲದಲ್ಲಿ ನೀನು ಚಪ್ಪಲಿ ಕಳಕೊಂಡ ಜಾಗ. ನೀರು ಬರುತ್ತಲೇ ಇರುತ್ತದೆ, ಹೋಗಲು ದಾರಿ ಇಲ್ಲ, ರಸ್ತೆಯಲ್ಲೇ ನಿಲ್ಲುತ್ತದೆ. ಇಲ್ಲೂ ಅದೇ ಕಥೆ. ಲಿವರ್‌ಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಹೊರಗೆ ಹೋಗಲು ಮುಖ್ಯವಾಗಿ ಮೂರು ನಾಳ. ತಮ್ಮನಿಗೆ ಎರಡರಲ್ಲಿ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿತ್ತು, ಮೂರನೆಯದರ ಬಾಯಿ ಕಿರಿದಾಗಿತ್ತು. ಲಿವರ್ ಊದಿ, ಜಿನುಗಿದ ನೀರು ಹೊಟ್ಟೆಯಲ್ಲಿ ನಿಂತಿತ್ತು. ಸೂಜಿ ಹಾಕಿ ನಾಲ್ಕು ಲೀಟರ್ ತೆಗೆದರು. ಹತ್ತೇ ದಿನಕ್ಕೆ ಮತ್ತೆ ತುಂಬಿತು.

ಹೆಪ್ಪುಗಟ್ಟಿದ್ದು ಯಾಕೆ? ಜಾಕ್-2 ಅನ್ನುವ ಜೀನ್‌ನಲ್ಲಿ ಬದಲಾವಣೆ. ಅದರಿಂದ ಮೂಳೆಯೊಳಗಿನ ಮಜ್ಜೆ ರಕ್ತಕಣಗಳನ್ನು ಜಾಸ್ತಿ ಮಾಡುತ್ತಿತ್ತು. ಅಪ್ಪ ಅಮ್ಮನಿಂದ ಬಂದದ್ದಲ್ಲ, ನಡುವೆ ಎಲ್ಲೋ ಆದದ್ದು ಅಂತ ಡಾಕ್ಟರು ಹೇಳಿದಾಗ ಅಮ್ಮ ಅತ್ತುಬಿಟ್ಟಳು. ಅಷ್ಟು ದಿನ ತನ್ನದೇ ತಪ್ಪು ಅಂದುಕೊಂಡಿದ್ದಳು.

ಹೊಟ್ಟೆ ಕೊಯ್ಯಲಿಲ್ಲ. ಕುತ್ತಿಗೆಯ ನಾಳದಿಂದ ತಂತಿ ಇಳಿಸಿ, ಕಿರಿದಾದ ಜಾಗವನ್ನು ಬಲೂನಿನಿಂದ ಅಗಲ ಮಾಡಿ, ಮತ್ತೆ ಮುಚ್ಚದ ಹಾಗೆ ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಕೊಳವೆ ಕೂರಿಸಿದರು. ಹೃದಯಕ್ಕೆ ಹಾಕುತ್ತಾರಲ್ಲ, ಹಾಗೇ. ಅದು ಆಗದಿದ್ದರೆ ಲಿವರ್ ಒಳಗೇ ರಕ್ತಕ್ಕೆ ಹೊಸ ದಾರಿ ಮಾಡುತ್ತಾರಂತೆ, ಟಿಪ್ಸ್ ಅಂತಾರೆ. ಅದೂ ಆಗದಿದ್ದರೆ ಲಿವರ್ ಬದಲಿಸುವುದು. ನಮಗೆ ಮೊದಲನೆಯದರಲ್ಲೇ ಮುಗಿಯಿತು. ಎರಡು ವಾರದಲ್ಲಿ ಹಳೇ ಪ್ಯಾಂಟು ಸೊಂಟದಲ್ಲಿ ನಿಂತಿತು.

ಈಗ ವಾರ್ಫರಿನ್ ಮಾತ್ರೆ, ರಕ್ತ ಮತ್ತೆ ಹೆಪ್ಪುಗಟ್ಟದ ಹಾಗೆ. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡಲು ಆಗಾಗ ಐಎನ್‌ಆರ್ ಪರೀಕ್ಷೆ. 2ರಿಂದ 3ರ ಒಳಗೆ ಇರಬೇಕು. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಅಮ್ಮ ಪರೀಕ್ಷೆಯ ಮಾರ್ಕ್ಸ್ ಕೇಳಿದ ಹಾಗೆ "ಎಷ್ಟು ಬಂತು?" ಅನ್ನುತ್ತಾಳೆ. ಸೊಪ್ಪು ಈ ಮಾತ್ರೆಯ ಕೆಲಸ ತಗ್ಗಿಸಬಹುದಂತೆ. ಬಸಳೆ, ಹರಿವೆ ಬಿಡಬೇಕಾಗಿಲ್ಲ, ಆದರೆ ಒಂದು ದಿನ ರಾಶಿ, ಇನ್ನೊಂದು ದಿನ ಇಲ್ಲ ಅಂತ ಆಗಬಾರದು. ತಲೆನೋವಿಗೆ ಕೂಡ ಕೇಳದೆ ಮಾತ್ರೆ ನುಂಗುವ ಹಾಗಿಲ್ಲ. ನಿನ್ನ ಪುಡಿ ಡಬ್ಬದಲ್ಲೇ ಉಳಿದದ್ದು ಅದಕ್ಕೇ. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಮಾತಲ್ಲ, ಈ ಮಾತ್ರೆಯ ಜೊತೆ ಏನೂ ಸುಮ್ನೆ ಸೇರಿಸಬಾರದು.

ಮುಂದಿನ ತಿಂಗಳು ಬರುತ್ತೀಯಲ್ಲ. ಅವನಿಗೆ ಉಪ್ಪು ಕಡಿಮೆ ಮಾಡಿದ್ದಾರೆ, ಮಿಡಿ ಉಪ್ಪಿನಕಾಯಿ ತರಬೇಡ. ತಂದರೆ ಸ್ಟೇಷನ್ನಿನಲ್ಲೇ ನನ್ನ ಕೈಗೆ ಕೊಡು, ಅವನೆದುರು ಚೀಲ ಬಿಚ್ಚಬೇಡ.

ನಿನ್ನ,
ರಾಘು