ಸೂರ್ಯನ ಫೋಟೋದ ಮೂಲೆ ಕತ್ತರಿಸ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರಲ್ಲಿ 'ಸೂರ್ಯನಲ್ಲಿ ಭಾರೀ ರಂಧ್ರ' ಅಂತ ಹೆಡ್ಡಿಂಗ್ ಕೊಟ್ಟು ಒಂದು ಫೋಟೋ ಹಾಕಿದ್ರಿ, ನಡುವೆ ಕಪ್ಪು ಮಚ್ಚೆ. ಇಲ್ಲಿ ಹಾಸನದಲ್ಲಿ ಟೀ ಅಂಗಡಿಲಿ ಅದನ್ನ ನೋಡಿದವ್ರೊಬ್ರು 'ಸೂರ್ಯನೇ ತೂತಾದ್ಮೇಲೆ ಇನ್ನು ಮಳೆ ಬೆಳೆ ಕಥೆ ಏನ್ರೀ' ಅಂತಿದ್ರು, ಅವರದ್ದೇನೂ ತಪ್ಪಿಲ್ಲ ಬಿಡಿ.

ಅಲ್ಲಿ ಹಳ್ಳ ಗುಂಡಿ ಯಾವ್ದೂ ಇಲ್ಲ ಸ್ವಾಮಿ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ, ಅದರ ಮೇಲಿರೋ ಕೊರೋನಾ, ಅಂದ್ರೆ ಸೂರ್ಯನ ಹೊರಗಿನ ವಾತಾವರಣ, 10 ಲಕ್ಷ ಡಿಗ್ರಿ ದಾಟುತ್ತೆ (ಯಾಕೆ ಹಂಗೆ ಅಂತ ವಿಜ್ಞಾನಿಗಳೇ ಇನ್ನೂ ತಲೆ ಕೆಡಿಸ್ಕೊಂಡಿದ್ದಾರೆ). ಅಷ್ಟು ಕಾವಲ್ಲಿ ಕಬ್ಬಿಣದ ಪರಮಾಣು ಹನ್ನೊಂದು ಎಲೆಕ್ಟ್ರಾನ್ ಕಳ್ಕೊಂಡು 19.3 ನ್ಯಾನೋಮೀಟರ್ ಆಸುಪಾಸಿನ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತೆ, ಅದು ನಮ್ಮ ಕಣ್ಣಿಗೆ ಕಾಣಲ್ಲ, ನಾಸಾದವ್ರ ಎಸ್‌ಡಿಒ ಉಪಗ್ರಹ 2010ರಿಂದ ಅದನ್ನೇ ಹಿಡೀತಿದೆ. ಕಾಂತಕ್ಷೇತ್ರ ಎಲ್ಲಿ ಹೊರಗಡೆಗೆ ಬಿಚ್ಕೊಂಡಿರುತ್ತೋ ಅಲ್ಲಿಂದ ಪ್ಲಾಸ್ಮಾ (ಕಾದು ವಿದ್ಯುತ್ ಕಣಗಳಾಗಿರೋ ಅನಿಲ) ಸೌರಮಾರುತವಾಗಿ ಹರ್ಕೊಂಡು ಹೋಗುತ್ತೆ, ಉಳಿದದ್ದು ತೆಳ್ಳಗೆ, ಬೆಳಕು ಕಮ್ಮಿ, ಹಂಗಾಗಿ ಫೋಟೋದಲ್ಲಿ ಕಪ್ಪು. ಅದೇ ಹೊತ್ತಿಗೆ ಮಾಮೂಲಿ ಬೆಳಕಲ್ಲಿ ತೆಗೆದ ಫೋಟೋ ನೋಡಿದ್ರೆ ಆ ಜಾಗದಲ್ಲಿ ಏನೂ ಕಾಣಲ್ಲ.

ಬಣ್ಣದ್ದೂ ಇದೇ ಗೋಳು. 17.1 ನ್ಯಾನೋಮೀಟರ್ ಬೆಳಕಿಗೆ ಚಿನ್ನದ ಬಣ್ಣ, 30.4ಕ್ಕೆ ಕೆಂಪು, ಇದೆಲ್ಲ ಗುರುತಿಗೆ ಅಂತ ಕಂಪ್ಯೂಟರಲ್ಲಿ ಹಚ್ಚಿದ್ದು. ಕೆಂಪಿನದು 50 ಸಾವಿರ ಡಿಗ್ರಿ ಆಸುಪಾಸಿನ ಹೀಲಿಯಂ, ಚಿನ್ನದ್ದು ಸುಮಾರು 6 ಲಕ್ಷ ಡಿಗ್ರಿಯ ಕಬ್ಬಿಣ, ಪದರವೇ ಬೇರೆ. ಕಾಫಿ ರೇಟ್ ಹಾಕುವಾಗ ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಅಂತ ಬಿಡಿಸಿ ಹಾಕ್ತೀರಲ್ಲ, ಸೂರ್ಯಂಗೆ ಮಾತ್ರ ಯಾಕೆ ಎಲ್ಲಾ ಒಂದೇ?

ಈ ಬೆಳಕು ಮುಳ್ಳಯ್ಯನಗಿರಿ ತುದಿಗೆ ಟೆಲಿಸ್ಕೋಪ್ ಹೊತ್ಕೊಂಡು ಹೋದ್ರೂ ಸಿಗಲ್ಲ, ಗಾಳಿ ಎಲ್ಲಾ ಹೀರ್ಕೊಂಡ್ಬಿಡುತ್ತೆ, ಅದಕ್ಕೇ ಅಂತರಿಕ್ಷಕ್ಕೆ ಕಳಿಸೋದು. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದರಲ್ಲಿರೋ ಪುಣೆಯವ್ರ ಸೂಟ್ ಟೆಲಿಸ್ಕೋಪ್ 200ರಿಂದ 400 ನ್ಯಾನೋಮೀಟರ್ ನೋಡುತ್ತೆ, ಅಂದ್ರೆ ಕೊರೋನಾಗಿಂತ ಕೆಳಗಿನ ಪದರ. ಕೊರೋನಾ ನೋಡೋಕೆ ಬೆಂಗಳೂರಿನ ಖಭೌತ ಸಂಸ್ಥೆ ಮಾಡಿದ ವಿಇಎಲ್‌ಸಿ ಅನ್ನೋ ಉಪಕರಣ ಬೇರೆ ಇದೆ. ಸೂಟ್ ಫೋಟೋ ಹಾಕಿ ಕೆಳಗೆ 'ಕೊರೋನಾ' ಅಂತ ಬರೆದ್ರೆ ಆ ಎರಡು ಊರಿನವ್ರೂ ಬೇಜಾರು ಮಾಡ್ಕೊಳ್ತಾರೆ.

ಹಾಸನಕ್ಕೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ನಮ್ಮೂರಿನ ಸಾಲಗಾಮೆ ರಸ್ತೆಯ ಎಂಸಿಎಫ್‌ನಿಂದ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ನೋಡ್ಕೊಳ್ಳೋ ಉಪಗ್ರಹಗಳು 36 ಸಾವಿರ ಕಿಲೋಮೀಟರ್ ಮೇಲಿವೆ, ಸೌರ ಬಿರುಗಾಳಿ ಬಂದ್ರೆ ಏಟು ಮೊದಲು ಬೀಳೋದು ಅಂಥವಕ್ಕೇ.

ನಾನು ಕೇಳೋದು ದೊಡ್ಡದೇನಲ್ಲ. ಎಸ್‌ಡಿಒ ಫೋಟೋದ ಕೆಳಗಿನ ಎಡ ಮೂಲೆಲಿ ಸಾಮಾನ್ಯವಾಗಿ ಎಐಎ 193 ಅಂತ, ಪಕ್ಕದಲ್ಲಿ ತಾರೀಖು ಟೈಮ್ ಸಮೇತ ಸಣ್ಣಕ್ಷರದಲ್ಲಿ ಇರುತ್ತೆ (ಎಐಎ ಅಂದ್ರೆ ಅದರಲ್ಲಿರೋ ಕ್ಯಾಮೆರಾ, ಆ 193 ಅಂದ್ರೆ 19.3 ನ್ಯಾನೋಮೀಟರೇ). ನಿಮ್ಮ ಪೇಜ್ ಮಾಡೋರು ಕಾಲಂಗೆ ಕೂರಲ್ಲ ಅಂತ ಅದನ್ನೇ ಕ್ರಾಪ್ ಮಾಡ್ತಾರೆ. ದಯವಿಟ್ಟು ಅದನ್ನ ಬಿಡಿ, ಬೇಕಿದ್ರೆ ಹೆಡ್ಡಿಂಗ್ ಒಂದು ಲೈನ್ ಕಮ್ಮಿ ಮಾಡಿ.

ಇಂತಿ,
ನಿಮ್ಮ ಓದುಗ, ಹಾಸನ