ಕನ್ನಡಕ ಬಿಚ್ಚಿಟ್ಟ ಗೆಳೆಯನಿಗೆ

ಲೋ ಸೋಡಾ,

ಇನ್ನು ಮೇಲೆ ನಿನ್ನನ್ನು ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಬುಡ್ಡಿಯೇ ಹೋದ ಮೇಲೆ ಸೋಡಾ ಎಲ್ಲಿಂದ ಬಂತು? ಆದರೂ ಹಾಸ್ಟೆಲ್ ಕಾಲದ ಬಾಯಿ, ಅಷ್ಟು ಸುಲಭಕ್ಕೆ ತಿರುಗಲ್ಲ.

ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಟ್ಟ ನಿನ್ನ ಫೋಟೋ ನೋಡಿದೆ. ಬೀಚು, ಬಿಸಿಲು, ಬೋಳು ಮುಖ. ಮೊದಲು ನಿಮ್ಮ ಚಿಕ್ಕಪ್ಪನ ಮಗ ಅಂದುಕೊಂಡೆ. ನಿನ್ನ ಕಣ್ಣು ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ ಕಣೋ. ಮೈನಸ್ ಗಾಜು ಕಣ್ಣನ್ನು ಚಿಕ್ಕದು ಮಾಡಿ ತೋರಿಸುತ್ತೆ, ಅದು ಸರಿ. ಆದರೆ ನಾಲ್ಕು ವರ್ಷ ಒಂದೇ ರೂಮಿನಲ್ಲಿ ಮಲಗಿದ್ದೇವೆ. ರಾತ್ರಿ ನೀನು ಕನ್ನಡಕ ಬಿಚ್ಚಿಡುವ ಹೊತ್ತಿಗೆ ನಾನೂ ಬಿಚ್ಚಿಟ್ಟಿರುತ್ತಿದ್ದೆನಲ್ಲ, ಇನ್ನೆಲ್ಲಿಂದ ಕಾಣಬೇಕು!

ಎಲ್ಲರೂ ನೋಡಲಿ ಅಂತ ಫೋಟೋ ಹಾಕಿ, ಕೆಳಗೆ ‘ಮುಂದಿನ ಸರದಿ ಇವನದು’ ಅಂತ ನನ್ನ ಹೆಸರನ್ನೂ ಎಳೆದಿದ್ದೀಯ. ಹಾಗಾಗಿ ಉತ್ತರವೂ ಎಲ್ಲರ ಮುಂದೆಯೇ ಇರಲಿ. ಹಸುವಿನ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ. ಅದಕ್ಕೆ ‘ಗುಡ್ ಈವನಿಂಗ್ ಸಾರ್’ ಅಂದವನು ನೀನೋ ನಾನೋ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

ಸರಿ, ವಿಷಯಕ್ಕೆ ಬರ್ತೀನಿ. ನಾನೂ ಹೋಗಿದ್ದೆ. ನಿನಗೆ ಹೇಳಿರಲಿಲ್ಲ ಅಷ್ಟೆ. ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಗೆ, ಆಫೀಸಿಗೆ ರಜೆ ಹಾಕಿ, ಮನೆಯಲ್ಲೂ ಬಾಯಿ ಬಿಡದೆ. ಫೋನಿನಲ್ಲಿ ಆ ಹುಡುಗಿ ಮೊದಲು ಕೇಳಿದ್ದು, ‘ಕಾಂಟ್ಯಾಕ್ಟ್ ಲೆನ್ಸ್ ಹಾಕ್ತೀರಾ ಸಾರ್? ಹಾಕೋದಾದ್ರೆ ಟೆಸ್ಟಿಗೆ ಮುಂಚೆ ಒಂದೆರಡು ವಾರ ಬಿಡಬೇಕು.’ ಲೆನ್ಸ್ ಕಣ್ಣಿನ ಮೇಲೆ ಕೂತು ಕೂತು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪದರದ, ಆಕಾರ ಸ್ವಲ್ಪ ಬದಲಾಗಿರುತ್ತೆ, ಅದು ಮೊದಲಿನಂತೆ ಆಗದೆ ಅಳತೆ ಸರಿ ಬರಲ್ಲ. ನಾನು ಲೆನ್ಸ್ ಬಿಟ್ಟು ಯಾವ ಕಾಲ ಆಯಿತಮ್ಮಾ ಅಂದೆ.

ನನ್ನ ಲೆನ್ಸ್ ಪುರಾಣ ನಿನಗೆ ಬಾಯಿಪಾಠ. ಬೇರೆಯವರಿಗಾಗಿ ಒಂದಿಷ್ಟು. ಮದುವೆಗೆ ಕೊಂಡಿದ್ದೆ. ಫೋಟೋಗ್ರಾಫರ್ ಗಾಜಿನ ಮೇಲೆ ಲೈಟ್ ಹೊಡೆಯುತ್ತೆ ಅಂದಿದ್ದ. ಮೊದಲ ದಿನ ಹಾಕಿಕೊಂಡಾಗ ಬಸ್ಸಿನ ನಂಬರು, ಜನರ ಮುಖ, ನನ್ನದೇ ಪಾದ, ಎಲ್ಲಾ ಒಂದು ಸೈಜ್ ದೊಡ್ಡದಾಗಿ ಕಂಡು ದಂಗಾಗಿದ್ದೆ. ಕನ್ನಡಕ ಕಣ್ಣಿಂದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಮುಂದೆ ಇರುತ್ತೆ, ಅಷ್ಟಕ್ಕೇ ಲೋಕ ಕುಗ್ಗಿ ಕಾಣುತ್ತೆ. ಲೆನ್ಸ್ ಕಣ್ಣಿಗೇ ಅಂಟಿರುವುದರಿಂದ ಆ ಮೋಸ ಇಲ್ಲ. ಮಂಟಪದಲ್ಲಿ ಹೋಮದ ಹೊಗೆ ಶುರುವಾಯಿತು ನೋಡು. ಕಣ್ಣಲ್ಲಿ ನೀರೋ ನೀರು. ಹುಡುಗ ಎಷ್ಟು ಮೃದು ಸ್ವಭಾವ ಅಂತ ಹೆಣ್ಣಿನ ಕಡೆಯವರು ಮೆಚ್ಚಿಕೊಂಡರು. ಮಾಂಗಲ್ಯಧಾರಣೆ ಹೊತ್ತಿಗೆ ಎಡಗಣ್ಣಿನ ಲೆನ್ಸ್ ಜಾರಿ ರೆಪ್ಪೆ ಒಳಗೆ ಸೇರಿತ್ತು. ಒಂದೇ ಕಣ್ಣಲ್ಲಿ ಮೂರು ಗಂಟು ಹಾಕಿದವನು ನಾನು.

ಆಮೇಲೂ ಸ್ವಲ್ಪ ಕಾಲ ಹಾಕಿದೆ. ಲೆನ್ಸಿಗೆ ನಲ್ಲಿ ನೀರು ಮುಟ್ಟಿಸಬಾರದು. ಅದರಲ್ಲಿ ಅಕಾಂತಮೀಬಾ ಅನ್ನುವ ಜೀವಿ ಇರಬಹುದು, ಕಾರ್ನಿಯಾಕ್ಕೆ ಹತ್ತಿದರೆ ಬಿಡಿಸುವುದು ಬಲು ಕಷ್ಟ. ಹಾಕಿಕೊಂಡು ಮಲಗಬಾರದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಇಷ್ಟು ಮಡಿ ನಮ್ಮ ಅಜ್ಜಿಯೂ ಮಾಡಿರಲಿಲ್ಲ. ಕೊನೆಗೆ ಒಂದು ಸಂಜೆ ಮೆಣಸಿನಕಾಯಿ ಬಜ್ಜಿಗೆ ಕಾಯಿ ಸೀಳಿಕೊಟ್ಟು, ಸೋಪು ಹಾಕಿ ಕೈ ತೊಳೆದು, ರಾತ್ರಿ ಲೆನ್ಸ್ ತೆಗೆಯಲು ಹೋದೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಪಾಪ, ಒಟ್ಟೋ ವಿಖ್ಟರ್ಲೆ ಅನ್ನುವವರು 1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್‌ನ ತಮ್ಮ ಮನೆಯಲ್ಲೇ ಮಕ್ಕಳ ಆಟಿಕೆ ಸೆಟ್ಟು, ಸೈಕಲ್ ಡೈನಮೋ ಜೋಡಿಸಿ ಈ ಮೆತ್ತನೆ ಲೆನ್ಸ್ ಎರಕ ಹೊಯ್ದಿದ್ದು. ಬಜ್ಜಿಯ ಯೋಚನೆ ಅವರಿಗೆ ಹೇಗೆ ಬರಬೇಕು!

ಈಗ ಟೆಸ್ಟಿನ ಕಥೆ. ಗಲ್ಲ ಇಡಿ, ಹಣೆ ತಾಗಿಸಿ, ರೆಪ್ಪೆ ಬಡಿಯಬೇಡಿ. ಮಶೀನಿನ ಮೇಲೆ ಮಶೀನು. ಆಮೇಲೆ ಪಾಪೆ ಅಗಲ ಮಾಡುವ ಡ್ರಾಪ್ಸು, ಕಣ್ಣು ಮುಚ್ಚಿ ಕಾಯುವುದು. ಡಾಕ್ಟರ್ ಮುಂದೆ ಕೂತಾಗ ಲೆಕ್ಕ ಬಿಡಿಸಿ ಹೇಳಿದರು. ಸಾಮಾನ್ಯವಾಗಿ ಕಾರ್ನಿಯಾ 540 ಮೈಕ್ರಾನ್ ಆಸುಪಾಸು ದಪ್ಪ ಇರುತ್ತೆ, ಅಂದರೆ ಅರ್ಧ ಮಿಲಿಮೀಟರು. ನನ್ನದು 505. ಲೇಸಿಕ್ ಅನ್ನುವ ಈ ಲೇಸರ್ ಆಪರೇಷನ್ನಿನಲ್ಲಿ ಮೇಲಿನ ಪದರ ಎತ್ತುವುದಕ್ಕೆ ಸುಮಾರು 110. ಒಂದೊಂದು ಪವರಿಗೂ ಹೆಚ್ಚುಕಡಿಮೆ 14 ಮೈಕ್ರಾನ್ ಸವೆಸಬೇಕು. ನನ್ನದು ಮೈನಸ್ 7.5, ಅಂದರೆ ನೂರರ ಮೇಲೆ. ಉಳಿಯುವುದು 290. 250ಕ್ಕಿಂತ ಕೆಳಗೆ ಹೋಗಲೇಬಾರದು, 300 ಉಳಿದರೆ ಡಾಕ್ಟರಿಗೂ ನೆಮ್ಮದಿ. ನಾನು ಎರಡರ ನಡುವೆ.

‘ಮಾಡಬಹುದು,’ ಅಂದರು. ‘ಇಲ್ಲದಿದ್ದರೆ ಐಸಿಎಲ್ ಇದೆ, ಕಾರ್ನಿಯಾ ಮುಟ್ಟದೆ ಕಣ್ಣಿನ ಒಳಗೇ ಲೆನ್ಸ್ ಇಡೋದು. ನೀವೇ ಯೋಚನೆ ಮಾಡಿ.’

ನಿಜ ಹೇಳ್ತೀನಿ, ಆ ಕ್ಷಣ ನನಗೆ ನಿರಾಸೆ ಆಯಿತು. ‘ಆಗಲ್ಲ’ ಅಂದಿದ್ದರೆ ಸಾಕಿತ್ತು. ಕಾರ್ನಿಯಾ ತೆಳ್ಳಗಿದೆಯಂತೆ ಅಂತ ಊರಿಗೆಲ್ಲಾ ಹೇಳಿಕೊಂಡು ಹಾಯಾಗಿ ಇರುತ್ತಿದ್ದೆ. ನಿನಗೂ ಅದನ್ನೇ ಬರೆಯುತ್ತಿದ್ದೆ.

ನೆಪ ಹುಡುಕಲು ಶುರು ಮಾಡಿದೆ. ಅಪ್ಪು ಹೋದ ವರ್ಷ, 2021ರಲ್ಲಿ, ನಾವಿಬ್ಬರೂ ಕಣ್ಣಿನ ದಾನಕ್ಕೆ ಬರೆಸಿಕೊಟ್ಟಿದ್ದೆವಲ್ಲ. ಲೇಸರ್ ಮಾಡಿಸಿದರೆ ಆ ಕಣ್ಣು ಇನ್ನೊಬ್ಬರಿಗೆ ಬರಲ್ಲ ಅಲ್ವಾ ಡಾಕ್ಟ್ರೇ ಅಂತ ಬಹಳ ದೊಡ್ಡ ಮನುಷ್ಯನ ಹಾಗೆ ಕೇಳಿದೆ. ಅವರು ನಕ್ಕರು. ಅಪ್ಪು ಅವರ ಎರಡು ಕಾರ್ನಿಯಾಗಳ ಮುಂದಿನ ಪದರ, ಹಿಂದಿನ ಪದರ ಬೇರೆ ಬೇರೆ ಮಾಡಿ ನಾಲ್ಕು ಜನರಿಗೆ ಹಾಕಿದ್ದು ನೆನಪಿದೆಯಾ? ಲೇಸರ್ ಆದ ಕಣ್ಣಿನ ಮುಂಭಾಗ ಕೆಲಸಕ್ಕೆ ಬರದಿದ್ದರೂ ಹಿಂದಿನ ಪದರ ಬೇಕಾಗುತ್ತೆ, ಧಾರಾಳವಾಗಿ ಕೊಡಿ ಅಂದರು. ಆ ನೆಪವೂ ಹೋಯಿತು.

ನೀನು ಬರೆದಿದ್ದೆಯಲ್ಲ, ಲೇಸರ್ ಹೊಡೆಯುವಾಗ ಕೂದಲು ಸುಟ್ಟ ವಾಸನೆ ಬಂತು ಅಂತ. ಅದನ್ನೂ ಕೇಳಿದೆ. ಸುಡುವುದಲ್ಲವಂತೆ. ಅದು 193 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್, ಕಣಗಳ ನಡುವಿನ ಕೊಂಡಿಯನ್ನೇ ಮುರಿಯುತ್ತೆ, ಅಕ್ಕಪಕ್ಕಕ್ಕೆ ಶಾಖ ತಾಗಲ್ಲ. ಹೀಗೆ ಸುಡದೆ ಕೊರೆಯಬಹುದು ಅಂತ ಕಂಡುಕೊಂಡವರಲ್ಲಿ ಒಬ್ಬರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬಿಗೆ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಉಳಿದ ಟರ್ಕಿ ಕೋಳಿ ತಂದು ಅದರ ಮೇಲೆ ಲೇಸರ್ ಬಿಟ್ಟು ನೋಡಿದರಂತೆ. ಒಂದಿಷ್ಟೂ ಕರಕಲಾಗದೆ ಗೆರೆ ಕೊರೆದಿತ್ತು. ನಿನ್ನ ಹೊಸ ಕಣ್ಣಿನ ಮೂಲಪುರುಷ ಒಂದು ತಂಗಳು ಕೋಳಿ. ಬೀಚ್ ಫೋಟೋ ಕೆಳಗೆ ಇದನ್ನೂ ಸೇರಿಸು.

ಆಮೇಲೆ ಕೌನ್ಸೆಲರ್ ಹತ್ತಿರ ಕಳಿಸಿದರು. ಬ್ಲೇಡಿನದು, ಬ್ಲೇಡಿಲ್ಲದ್ದು, ಸ್ಮೈಲ್ ಅನ್ನುವ ಇನ್ನೊಂದು ಬಗೆ, ರೇಟು, ಕಂತು. ನಾನು ತಲೆ ಆಡಿಸುತ್ತಾ ಕೂತಿದ್ದೆ. ಕೊನೆಗೆ ಆ ಹುಡುಗಿ ಫೈಲ್ ಮುಚ್ಚಿ ಒಂದು ಮಾತು ಹೇಳಿತು: ‘ಆಮೇಲೆ ಆರಾಮು ಸಾರ್. ಇಪ್ಪತ್ನಾಲ್ಕು ಗಂಟೆನೂ ಕಾಣುತ್ತೆ.’

ಖುಷಿಯ ಮಾತೇ. ಆದರೆ ಎದೆ ಸಣ್ಣಗೆ ಜಗ್ಗಿತು.

ಇಪ್ಪತ್ನಾಲ್ಕು ಗಂಟೆ ಯಾಕೆ ಕಾಣಬೇಕು? ಪಾರ್ಕಿಂಗ್‌ವರೆಗೂ ಇದನ್ನೇ ಯೋಚಿಸುತ್ತಾ ಬಂದೆ. ಡ್ರಾಪ್ಸ್ ಇಳಿಯುವ ತನಕ ಗಾಡಿ ಓಡಿಸುವ ಹಾಗಿರಲಿಲ್ಲ, ಅಲ್ಲೇ ಕಟ್ಟೆ ಮೇಲೆ ಕೂತೆ. ಕನ್ನಡಕ ತೆಗೆದೆ. ಬೀದಿ ದೀಪಗಳು ಸೇವಂತಿಗೆ ಹೂವಿನಷ್ಟು ಅಗಲ ಆದವು. ನನ್ನ ಕಣ್ಣಿಗೆ ಕನ್ನಡಕ ಇಲ್ಲದೆ ಸ್ಪಷ್ಟವಾಗಿ ಕಾಣುವುದು 13 ಸೆಂಟಿಮೀಟರ್ ತನಕ ಮಾತ್ರ, ಒಂದು ಗೇಣೂ ಇಲ್ಲ ಅಂದುಕೋ. ಅದರಾಚೆ ಎಲ್ಲಾ ಬರೀ ಬಣ್ಣ. ನಿನ್ನದೂ ಹಾಗೇ ಇತ್ತು, ಮರೆತಿರಲ್ಲ.

ಮೀಟಿಂಗಿನಲ್ಲಿ ಬಾಸ್ ಕೂಗಾಡುವಾಗ ನಾನು ಕನ್ನಡಕ ತೆಗೆದು ಒರೆಸುತ್ತಾ ಕೂರುತ್ತೇನೆ. ಕೂಗು ಕೇಳುತ್ತೆ, ಮುಖ ಇರಲ್ಲ. ಅರ್ಧ ಸಿಟ್ಟು ಅಲ್ಲೇ ಕಮ್ಮಿ. ಮನೆಯಲ್ಲೂ ಅಷ್ಟೆ. ಇವಳು ಏನಾದರೂ ಗಂಭೀರವಾಗಿ ಶುರು ಮಾಡಿದರೆ ನನ್ನ ಕೈ ಸುಮ್ನೆ ಕಿವಿ ಹತ್ತಿರ ಹೋಗುತ್ತಂತೆ. ನನಗೆ ಗೊತ್ತಾಗುತ್ತಿರಲಿಲ್ಲ. ಹೋದ ತಿಂಗಳು ಹೇಳಿದಳು, ‘ಕನ್ನಡಕ ಹಾಕ್ಕೊಂಡು ಮಾತಾಡ್ರೀ.’

ಇದನ್ನು ಬರೆಯಬೇಕು ಅಂತ ಇರಲಿಲ್ಲ. ಬಂದಾಯಿತು, ಇರಲಿ.

ಅಪ್ಪ ಐಸಿಯುನಲ್ಲಿ ಇದ್ದಾಗ ನೀನು ಬಂದಿದ್ದೆ. ಒಬ್ಬರೇ ಒಳಗೆ ಹೋಗಿ ಅಂದರು. ಗೌನು, ಮಾಸ್ಕು ಕೊಟ್ಟರು. ಬಾಗಿಲಲ್ಲಿ ನಾನು ಕನ್ನಡಕ ತೆಗೆದು ನಿನ್ನ ಕೈಗೆ ಕೊಟ್ಟೆ. ಮಾಸ್ಕಿಗೆ ಆವಿ ಕಟ್ಟುತ್ತೆ, ಇಟ್ಕೊಂಡಿರು ಅಂದೆ. ನೀನು ಇಟ್ಟುಕೊಂಡೆ.

ಒಳಗೆ ನನಗೆ ಕಂಡಿದ್ದು ಒಂದು ಬಿಳಿ ಹಾಸಿಗೆ, ಅದರ ಮೇಲೆ ಉದ್ದಕ್ಕೆ ಏನೋ, ಪಕ್ಕದಲ್ಲಿ ಕದಲುವ ಒಂದು ಹಸಿರು ಗೆರೆ. ಟ್ಯೂಬು ಎಲ್ಲೆಲ್ಲಿ ಹಾಕಿದ್ದರೋ ಗೊತ್ತಿಲ್ಲ. ಬಾಯಿ ಹೇಗಿತ್ತೋ ಗೊತ್ತಿಲ್ಲ. ‘ಹತ್ತಿರ ಬನ್ನಿ, ನಿಮ್ಮನ್ನೇ ನೋಡ್ತಿದ್ದಾರೆ’ ಅಂದರು ಸಿಸ್ಟರ್. ಹೋದೆ. ಕೈ ಹಿಡಿದೆ. ಮುಖವನ್ನು ಮಾತ್ರ ಒಂದು ಗೇಣಿಗಿಂತ ಹತ್ತಿರ ಒಯ್ಯಲಿಲ್ಲ. ಒಯ್ದಿದ್ದರೆ ಕಾಣುತ್ತಿತ್ತು. ಆ 13 ಸೆಂಟಿಮೀಟರಿನ ಲೆಕ್ಕ ನನಗೆ ಆಗಲೂ ಗೊತ್ತಿತ್ತು.

ಹೊರಗೆ ಬಂದಾಗ ನೀನು ಕನ್ನಡಕವನ್ನು ಶರ್ಟಿನ ಅಂಚಿಗೆ ಒರೆಸಿ ಕೊಟ್ಟೆ. ‘ಹೇಗಿದ್ದಾರೆ’ ಅಂತ ಎಲ್ಲರೂ ಕೇಳಿದರು. ನೀನು ಕೇಳಲಿಲ್ಲ. ಮೈನಸ್ ಏಳೂವರೆಯವನು ಕನ್ನಡಕ ಬಿಚ್ಚಿಟ್ಟು ಹೋದರೆ ಎಷ್ಟು ಕಾಣುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮ್ಮನಿಗೆ ನಾನು ‘ಮುಖ ಶಾಂತವಾಗಿತ್ತು’ ಅಂದೆ. ನೀನು ಅಲ್ಲೇ ನಿಂತು ಗೋಡೆ ಮೇಲಿನ ಬೋರ್ಡು ಓದುತ್ತಿದ್ದೆ.

ಅಮ್ಮ ಇದನ್ನು ಓದಲ್ಲ, ಗಾಬರಿ ಬೇಡ. ಚಾಳೀಸು ಎಲ್ಲೋ ಇಟ್ಟು ಮರೆತು ಹುಡುಕುತ್ತಿದ್ದಾಳೆ. ಫ್ರಿಜ್ ಒಳಗಿದೆ. ಸಿಗಲಿ ನೋಡೋಣ ಅಂತ ಸುಮ್ಮನಿದ್ದೇನೆ.

ಥೂ, ಲೇಸರ್ ಬಗ್ಗೆ ನಾಲ್ಕು ಸಾಲು ಬರೆಯಲು ಕೂತವನು ಎಲ್ಲಿಗೆ ಹೋದೆ ನೋಡು. ಎಲ್ಲಾ ನಿನ್ನಿಂದಲೇ. ಯಾಕೆ ಮಾಡಿಸಲ್ಲ ಅಂತ ಕೇಳಿದರೆ ಕಟಿಂಗ್ ಶಾಪಿನ ಕಥೆ ಹೇಳಬಹುದಿತ್ತು. ಕನ್ನಡಕ ತೆಗೆದಿಟ್ಟು ಕೂರುತ್ತೇವೆ, ಅವನು ಏನು ಕತ್ತರಿಸುತ್ತಾನೋ ದೇವರಿಗೇ ಗೊತ್ತು, ಕೊನೆಗೆ ಹಿಂದೆ ಕನ್ನಡಿ ಹಿಡಿದು ‘ಸಾಕಾ ಸಾರ್’ ಅಂತಾನೆ, ಮಂಜಿಗೆ ಮುಖ ಮಾಡಿ ಸೂಪರ್ ಅಂತೀವಿ. ಅದೇ ಚೆನ್ನಾಗಿತ್ತು.

ಮಾಡಿಸಲ್ಲ ಅಂತಲೂ ಹೇಳ್ತಿಲ್ಲ. ಮಳೆಯಲ್ಲಿ ಹೆಲ್ಮೆಟ್ಟಿನ ಒಳಗೆ ಕನ್ನಡಕ ತೂರಿಸುವಾಗ, ಬಿಸಿ ಸಾರಿನ ತಟ್ಟೆ ಮುಂದೆ ಕುರುಡನಾದಾಗ, ಬೆಳಿಗ್ಗೆ ಎದ್ದು ಕನ್ನಡಕ ಹುಡುಕಲು ಕನ್ನಡಕ ಬೇಕಾದಾಗ, ನಾಳೆಯೇ ಹೋಗಿ ಮಾಡಿಸಿಬಿಡೋಣ ಅನಿಸುತ್ತೆ. ಆಸ್ಪತ್ರೆಯವರಿಗೆ ಫೋನ್ ಮಾಡ್ತೀನಿ ಅಂದಿದ್ದೇನೆ. ಸದ್ಯಕ್ಕೆ ಹೊಸ ಫ್ರೇಮ್ ಕೊಂಡಿದ್ದೇನೆ.

ನೀನು ಹೇಳು. ಈಗ ಬೇಡವಾದದ್ದು ಎದುರಿಗೆ ಬಂದರೆ ಏನು ಮಾಡ್ತೀಯ? ಕಣ್ಣು ಮುಚ್ಕೋತೀಯಾ? ಜನ ಏನಂದುಕೊಳ್ಳಲ್ಲ?

ಇನ್ನೊಂದು, ಇದು ತಮಾಷೆ ಅಲ್ಲ. ಲೇಸರ್ ಸರಿ ಮಾಡಿದ್ದು ಮುಂದಿನ ಕಾರ್ನಿಯಾ ಮಾತ್ರ. ನಮ್ಮ ಕಣ್ಣುಗುಡ್ಡೆ ಉದ್ದ ಬೆಳೆದದ್ದು ಹಾಗೇ ಇದೆ, ಕಣ್ಣಿನ ಹಿಂದಿನ ಪರದೆ, ಅದೇ ರೆಟಿನಾ, ಎಳೆದು ತೆಳ್ಳಗಾದದ್ದೂ ಹಾಗೇ ಇದೆ. ಕನ್ನಡಕ ಹೋಯಿತು ಅಂತ ವರ್ಷದ ಚೆಕಪ್ ಬಿಡಬೇಡ. ಕಣ್ಣಲ್ಲಿ ಮಿಂಚು ಹೊಡೆದರೆ, ಕಪ್ಪು ಚುಕ್ಕೆ ಇದ್ದಕ್ಕಿದ್ದಂತೆ ಜಾಸ್ತಿ ಆದರೆ, ಅವತ್ತೇ ಓಡು. ಡ್ರಾಪ್ಸ್ ತಪ್ಪಿಸಬೇಡ. ಕಣ್ಣು ಉಜ್ಜಬೇಡ, ಎತ್ತಿದ ಪದರ ಮೊದಲಿನಷ್ಟು ಗಟ್ಟಿಯಾಗಿ ಯಾವತ್ತೂ ಕೂಡಿಕೊಳ್ಳಲ್ಲವಂತೆ.

ಮತ್ತೆ ಇನ್ನೊಂದು ಸಂತೋಷದ ಸುದ್ದಿ ನಿನಗೆ ಯಾರೂ ಹೇಳಿಲ್ಲ ಅನಿಸುತ್ತೆ. ನಮಗೆ 42 ತುಂಬಿತು. ಕನ್ನಡಕ ಮೇಲೆತ್ತಿ ಮಾತ್ರೆ ಶೀಟಿನ ಎಕ್ಸ್‌ಪೈರಿ ಡೇಟ್ ಓದುವ ಸುಖ ಮೈನಸ್‌ನವರಿಗೆ ಮಾತ್ರ. ನೀನು ಅದನ್ನು ದುಡ್ಡು ಕೊಟ್ಟು ತೆಗೆಸಿಕೊಂಡಿದ್ದೀಯ. ಇನ್ನೊಂದೆರಡು ವರ್ಷಕ್ಕೆ ಚಾಳೀಸು ಬಂದೇ ಬರುತ್ತೆ ಮಗನೇ, ಅದನ್ನು ಲೇಸಿಕ್ ತಡೆಯಲ್ಲ. ಮುಂದಿನ ಸಲ ಊರಿಗೆ ಬಂದಾಗ ಊಟಕ್ಕೆ ಹೋಗೋಣ. ಮೆನು ಕಾರ್ಡ್ ನಾನು ಓದಿ ಹೇಳ್ತೀನಿ, ಬಿಲ್ ನೀನು ಕೊಡು. ರೇಟ್ ಎಷ್ಟು ಅಂತಲೂ ನಾನೇ ಹೇಳ್ತೀನಿ, ನಂಬಬೇಕು.

ನಿನ್ನ
ಇನ್ನೊಂದು ಬುಡ್ಡಿ