ಮರವಂತೆಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ

ಸಿಟ್ಕಾ, ಅಲಾಸ್ಕಾ
ಏಪ್ರಿಲ್ 12

ಅಪ್ಪಯ್ಯನಿಗೆ ನಮಸ್ಕಾರಗಳು. ಅಮ್ಮನಿಗೂ ಅಜ್ಜಿಗೂ ತಿಳಿಸಿ. ನಾನು ಕ್ಷೇಮ. ನಿಮ್ಮ ಕಾಗದ ನಿನ್ನೆ ಸಿಕ್ಕಿತು.

ಹುಡುಗಿಯ ಅಣ್ಣ ಅಮೆರಿಕದಲ್ಲಿ ಕರಡಿ ಕೊಲ್ಲುವ ಬೋಟಿನಲ್ಲಿದ್ದಾನೆ ಅಂತ ಯಾರೋ ಕಿವಿಗೆ ಹಾಕಿದ ಮೇಲೆ ಮರವಂತೆಯವರು ಪುಟ್ಟಿಯ ಮದುವೆಯ ಮಾತು ಮುಂದುವರಿಸಿಲ್ಲ ಅಂತ ಬರೆದಿದ್ದೀರಿ. ಹಡಗಿನ ಕಂಪನಿಯಲ್ಲಿ ಕೆಲಸ ಅಂತ ಹೇಳಿ ಮುಗಿಸೋಣ ಅಂದರಂತೆ ಸುಬ್ಬಣ್ಣ ಮಾವ. ಅದು ಮಾತ್ರ ಬೇಡ ಅಪ್ಪಯ್ಯ. ಮದುವೆಯಾದ ಮೇಲೆ ಗೊತ್ತಾದರೆ ಆ ಮನೆಯಲ್ಲಿ ಮಾತು ಕೇಳಬೇಕಾದವಳು ಪುಟ್ಟಿ. ಇಲ್ಲಿಯ ಕೆಲಸ ಏನು, ಹೇಗೆ ಅಂತ ಪೂರ್ತಿ ಬರೆಯುತ್ತೇನೆ. ನೀವೇ ಹೋಗಿ ಓದಿ ಹೇಳಿ. ಅವರೂ ಕಡಲಿನವರು, ಅರ್ಥವಾಗುತ್ತದೆ.

ಮೊದಲು ಕಾನೂನು. ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಕರಡಿ ಬೇಟೆ ಅಂದರೆ ಜೈಲು. ದರೋಜಿಯಲ್ಲಿ ಕರಡಿಗೆಂದೇ ಧಾಮ ಮಾಡಿದ್ದಾರೆ. ಮರವಂತೆಯವರು ಹೆದರಿದ್ದು ಸಹಜ. ಇಲ್ಲಿ ಸರ್ಕಾರವೇ ಕರಡಿಯ ಲೆಕ್ಕ ಇಟ್ಟು ಪರವಾನಗಿ ಕೊಡುತ್ತದೆ. ಅಡ್ಮಿರಲ್ಟಿ ಅನ್ನುವ ಒಂದೇ ದ್ವೀಪದಲ್ಲಿ ಸುಮಾರು 1,600 ಕಂದು ಕರಡಿಗಳಿವೆ. ಅಡ್ಮಿರಲ್ಟಿ, ಬಾರನಾಫ್, ಚಿಚಗಾಫ್ ಈ ಮೂರು ದ್ವೀಪಗಳ ಸೀಮೆಯಲ್ಲಿ ವಸಂತದ ಬೇಟೆ ಮಾರ್ಚ್ 15ಕ್ಕೆ ಶುರುವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಒಬ್ಬನಿಗೆ ನಾಲ್ಕು ವರ್ಷಕ್ಕೆ ಒಂದೇ ಕರಡಿ. ಗಾಯಗೊಂಡು ಕಾಡು ಸೇರಿದರೂ ಆ ವರ್ಷದ ಅವನ ಪಾಲು ಮುಗಿಯಿತು. ಮರಿ ಜೊತೆಗಿರುವ ತಾಯಿಯನ್ನು ಮುಟ್ಟುವಂತಿಲ್ಲ. ಹೊರ ರಾಜ್ಯದವನು ಕಂದು ಕರಡಿಯ ಬೇಟೆಗೆ ಬಂದರೆ, ಇಲ್ಲಿ ಹತ್ತಿರದ ನೆಂಟರಿಲ್ಲದಿದ್ದರೆ, ಪರವಾನಗಿ ಇರುವ ಗೈಡ್ ಜೊತೆಗೆ ಇರಲೇಬೇಕು. ಕೊಂದ ಕರಡಿಗೆ ಗುರುತಿಗೆಂದು ಹಾಕುವ ಬೀಗದ ಪಟ್ಟಿಯೊಂದಕ್ಕೇ 1,000 ಡಾಲರ್. ಪರದೇಶದವನಾದರೆ ಇನ್ನೂ ಹೆಚ್ಚು. ಬೋಟಿನ ಮೇಲಿಂದ ಕರಡಿಗೆ ಗುಂಡು ಹಾರಿಸುವುದು ಈ ಭಾಗದಲ್ಲಿ ಅಪರಾಧ. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಬಂದವರು ಮರುದಿನ ಬೆಳಗಿನ ಜಾವ 3 ಗಂಟೆಯ ತನಕ ಬೇಟೆಗೆ ಹೋಗುವಂತಿಲ್ಲ. ಮೇಲಿಂದ ನೋಡಿಕೊಂಡು ಬಂದು ಹೊಡೆಯಬಾರದು ಅಂತ ಈ ನಿಯಮ.

ಅಂದರೆ ಬೋಟು ಬೇಟೆಗಲ್ಲ, ಹುಡುಕುವುದಕ್ಕೆ. ಇಲ್ಲಿಯ ದಡಕ್ಕೆ ರಸ್ತೆಯೇ ಇಲ್ಲ. ಬೆಟ್ಟ ನೇರ ಕಡಲಿಗೆ ಇಳಿದಿದೆ, ನಡುವೆ ಅಲ್ಲಲ್ಲಿ ಹೊಳೆ ಸೇರುವ ಅಳಿವೆ. ಆ ಅಳಿವೆಯ ಹುಲ್ಲುಗಾವಲಿಗೆ ಕರಡಿ ಬರುತ್ತದೆ. ಚಳಿಗಾಲವೆಲ್ಲ ಗುಹೆಯಲ್ಲಿ ಮಲಗಿ ಎದ್ದದ್ದಕ್ಕೆ ಮೊದಲು ಸಿಗುವ ಹಸಿರು ಮೇವು ಅಲ್ಲೇ. ಇಷ್ಟು ದೊಡ್ಡ ಪ್ರಾಣಿ ದನದ ಹಾಗೆ ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ ಅಂದರೆ ಅಜ್ಜಿ ನಂಬಲಿಕ್ಕಿಲ್ಲ. ಗಂಡು ಕರಡಿ ಮೊದಲು ಹೊರಗೆ ಬರುತ್ತದೆ, ಮರಿ ಇರುವ ತಾಯಿ ಕೊನೆಗೆ. ವಸಂತದಲ್ಲಿ ಬೇಟೆ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಬೋಟು ಕೊಲ್ಲಿಯೊಳಗೆ ಹತ್ತು ಹನ್ನೆರಡು ಮಾರು ಆಳದಲ್ಲಿ ಲಂಗರು ಹಾಕಿರುತ್ತದೆ. ಸರಪಳಿ, ಹಗ್ಗ ಸೇರಿ ಆಳದ ನಾಲ್ಕೈದು ಪಟ್ಟು ಬಿಡಬೇಕು. ನಿಮಗೆ ಆಶ್ಚರ್ಯವಾಗುವುದು ಇಲ್ಲಿಯ ಭರತ. ಗಂಗೊಳ್ಳಿಯಲ್ಲಿ ನೀರು ಐದಾರು ಅಡಿ ಏರಿ ಇಳಿಯುತ್ತದೆ. ಇಲ್ಲಿ ಒಳಗಿನ ಕೊಲ್ಲಿಗಳಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ಇಪ್ಪತ್ತು ಅಡಿಯವರೆಗೂ ಹೋಗುತ್ತದೆ. ಸುಮಾರು ಆರು ಗಂಟೆಯ ಆ ಏರಿಕೆಯನ್ನೋ ಇಳಿತವನ್ನೋ ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಡುವಿನ ಆ ಎರಡು ಗಂಟೆಯಲ್ಲೇ ಎಲ್ಲರೂ ಲೆಕ್ಕ ತಪ್ಪುವುದು.

ಸಣ್ಣ ದೋಣಿ ಹದಿನಾರು ಅಡಿಯ ಅಲ್ಯೂಮಿನಿಯಂ, ನಮ್ಮ ನಾಡದೋಣಿಯ ಹಾಗೆ ಔಟ್‌ಬೋರ್ಡ್ ಇಂಜಿನ್, 40 ಎಚ್‌ಪಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ದಡದ ಉದ್ದಕ್ಕೂ ನಿಧಾನ ಹೋಗುತ್ತಾ ದುರ್ಬೀನಿನಲ್ಲಿ ನೋಡುತ್ತಾರೆ. ಮೇ ತಿಂಗಳಲ್ಲಿ ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ದೊಡ್ಡ ಕರಡಿ ಬರುವುದೂ ಆಗಲೇ. ಕಂಡ ಕೂಡಲೇ ಅಲ್ಲಿಗೆ ನುಗ್ಗುವುದಿಲ್ಲ. ಗಾಳಿ ಕರಡಿಯಿಂದ ನಮ್ಮ ಕಡೆಗೆ ಬೀಸುತ್ತಿರಬೇಕು, ಮರೆಯಲ್ಲಿ ದೂರ ಇಳಿಯಬೇಕು. ಕರಡಿಗೆ ಕಣ್ಣಿಗಿಂತ ಮೂಗು ಬಲ. ಒಂದು ಸಲ ವಾಸನೆ ಹತ್ತಿದರೆ ಆ ಸಂಜೆ ಆ ಅಳಿವೆಗೆ ಅದು ಬರುವುದಿಲ್ಲ.

ಇಳಿದ ಮೇಲೆ ದೋಣಿಯನ್ನು ದಡಕ್ಕೆ ಎಳೆದಿಟ್ಟು ಹೋಗುವುದು ಇಲ್ಲಿ ದೊಡ್ಡ ತಪ್ಪು. ನೀರು ಇಳಿದರೆ ದೋಣಿ ಕಲ್ಲಿನ ಮೇಲೆ ಕೂತುಬಿಡುತ್ತದೆ, ನೀರು ಮತ್ತೆ ಬರುವ ತನಕ ಗಂಟೆಗಟ್ಟಲೆ ಕತ್ತಲಲ್ಲಿ ಕಾಯಬೇಕು. ನೀರು ಏರಿದರೆ ದೋಣಿ ತೇಲಿ ಹೋಗುತ್ತದೆ. ಅದಕ್ಕೆ ದೂರದಲ್ಲಿ ಲಂಗರು ಬಿಟ್ಟು, ಅದರ ತೇಲುಬುಂಡೆಗೆ ರಾಟೆ ಕಟ್ಟಿ, ಬಾವಿಯ ಹಗ್ಗದ ಹಾಗೆ ಸುತ್ತು ಹಗ್ಗ ಹಾಕುತ್ತಾರೆ. ಒಂದು ಕಡೆ ಎಳೆದರೆ ದೋಣಿ ಆಳಕ್ಕೆ ಹೋಗುತ್ತದೆ, ಇನ್ನೊಂದು ಕಡೆ ಎಳೆದರೆ ದಡಕ್ಕೆ ಬರುತ್ತದೆ. ನಮ್ಮ ಬಾಬಣ್ಣನಿಗೆ ಇದನ್ನು ವಿವರಿಸಿ, ಖುಷಿಪಡುತ್ತಾನೆ.

ಆಮೇಲೆ ಗೈಡ್ ಮತ್ತು ಬೇಟೆಗಾರ ನಡೆದು ಹೋಗುತ್ತಾರೆ. ಎಷ್ಟೋ ಸಲ ಅರ್ಧ ಗಂಟೆ, ಒಂದು ಗಂಟೆ ಸುಮ್ಮನೆ ನೋಡುತ್ತಾ ಕೂರುತ್ತಾರೆ. ಹುಲ್ಲಿನ ಮರೆಯಲ್ಲಿ ಮರಿ ಇದೆಯೇ, ಗಂಡೇ ಹೆಣ್ಣೇ. ಕಿವಿ ದೊಡ್ಡದಾಗಿ ಕಂಡರೆ ಎಳೆಯದು. ಮುದಿ ಗಂಡಿನ ತಲೆ ಅಗಲ, ಕಿವಿ ಬದಿಗೆ ಸರಿದ ಹಾಗೆ ಚಿಕ್ಕದು, ಹೊಟ್ಟೆ ಜೋತು, ತೂಗಾಡುವ ನಡಿಗೆ. ಕೆಸರಿನಲ್ಲಿ ಮುಂಗಾಲಿನ ಹೆಜ್ಜೆಯ ಅಗಲ ಇಂಚಿನಲ್ಲಿ ಅಳೆದು ಒಂದು ಕೂಡಿಸಿದರೆ ಚರ್ಮದ ಉದ್ದ ಅಗಲದ ಸರಾಸರಿ ಸುಮಾರಾಗಿ ಅಡಿಯಲ್ಲಿ ಸಿಗುತ್ತದೆ: ಏಳು ಇಂಚಿದ್ದರೆ ಎಂಟು ಅಡಿ. ನೂರು ಗಜದ ಒಳಗೆ, ಅಡ್ಡ ನಿಂತಾಗ, ಭುಜದ ಹಿಂದೆ ಗುಂಡು. ಬಿದ್ದರೂ ಹತ್ತಿರ ಹೋಗದೆ ಕಾಯುತ್ತಾರೆ. ಗಾಯಗೊಂಡ ಕರಡಿ ಮುಳ್ಳುಪೊದೆ ಸೇರಿದರೆ ಹಿಂದೆ ಹೋಗಬೇಕಾದವನು ಗೈಡ್. ಅವನ ಕೋವಿಯ ಗುಂಡಿನ ಅಳತೆ .375 ಇಂಚು ಅಥವಾ ಅದಕ್ಕಿಂತ ದೊಡ್ಡದು. ನನ್ನ ಕೈಗೆ ಕೋವಿ ಬರುವುದಿಲ್ಲ. ನನ್ನದು ಇಂಜಿನ್, ಲಂಗರು, ಸಣ್ಣ ದೋಣಿ, ಕೊನೆಗೆ ಉಪ್ಪು.

ಉಪ್ಪಿನ ವಿಷಯ ಅಮ್ಮನಿಗೆ ಓದಿ ಹೇಳಿ. ಚರ್ಮ ಸುಲಿಯುವಾಗ ಒಬ್ಬ ಕೋವಿ ಹಿಡಿದು ಕಾಡಿನ ಕಡೆಗೇ ನೋಡುತ್ತಾ ನಿಂತಿರುತ್ತಾನೆ, ರಕ್ತದ ವಾಸನೆಗೆ ಬೇರೆ ಕರಡಿ ಬರುವುದುಂಟು. ತಲೆ, ಪಂಜ ಸೇರಿ ಹಸಿ ಚರ್ಮ ಒಬ್ಬನಿಗೆ ಹೊರಲಾರದ ಭಾರ. ಬೋಟಿಗೆ ತಂದು ಕೊಬ್ಬು, ಮಾಂಸ ಪೂರ್ತಿ ಹೆರೆಯಬೇಕು. ಕಿವಿಯನ್ನು ಕಾಲುಚೀಲದ ಹಾಗೆ ಒಳಗಿಂದ ಹೊರಗೆ ತಿರುವಬೇಕು, ತುಟಿ ಸೀಳಬೇಕು, ಬೆರಳಿನ ಕೊನೆಯ ಗೆಣ್ಣಿನ ತನಕ ಬಿಡಿಸಬೇಕು. ಆಮೇಲೆ ಅಯೋಡಿನ್ ಇಲ್ಲದ ಪುಡಿ ಉಪ್ಪು, ಒಂದು ಚರ್ಮಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ, ಅಂಗೈಯಿಂದ ಒತ್ತಿ ತಿಕ್ಕಬೇಕು. ಮಡಚಿ, ನೀರು ಇಳಿಯುವ ಹಾಗೆ ಓರೆಯಾಗಿಟ್ಟು, ಮರುದಿನ ಕೊಡವಿ ಹೊಸ ಉಪ್ಪು. ಅಮ್ಮ ಉಪ್ಪುಮೀನು ಮಾಡುವಾಗ ಕಿವಿರಿನ ಒಳಗೆ ಬೆರಳು ಹಾಕಿ ತುಂಬುತ್ತಾಳಲ್ಲ, ಕೊಳೆಯುವುದು ಅಲ್ಲಿಂದಲೇ ಅಂತ. ಇಲ್ಲಿಯೂ ಹಾಗೆ. ಕಿವಿ, ತುಟಿಯ ಮಡಿಕೆಗೆ ಉಪ್ಪು ತಲುಪದಿದ್ದರೆ ಹದ ಮಾಡುವಾಗ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಮೂವತ್ತು ದಿನದೊಳಗೆ ಚರ್ಮ, ತಲೆಬುರುಡೆ ಬೇಟೆಯ ಲೆಕ್ಕ ಇಡುವ ಸರ್ಕಾರದ ಇಲಾಖೆಗೆ ತೋರಿಸಿ ಮೊಹರು ಹಾಕಿಸಬೇಕು. ಅವರು ಒಂದು ಸಣ್ಣ ಹಲ್ಲು ಕಿತ್ತು, ಮರದ ಸುತ್ತು ಎಣಿಸಿದ ಹಾಗೆ ಎಣಿಸಿ ವಯಸ್ಸು ಬರೆದಿಡುತ್ತಾರೆ.

ಪಾಪದ ಹಣ ಅಂತ ಮರವಂತೆಯವರು ಅಂದರಂತೆ. ಕೊಲ್ಲುವವರ ಜೊತೆ ನಾನಿದ್ದೇನೆ, ಅದು ಸುಳ್ಳಲ್ಲ. ಕಂದು ಕರಡಿಯ ಮಾಂಸವನ್ನು ಹೆಚ್ಚಿನವರು ತರುವುದೂ ಇಲ್ಲ, ಹದ್ದು ಕಾಗೆಗೆ ಬಿಡುತ್ತಾರೆ. ನನಗೂ ಅದು ಒಪ್ಪಿಗೆಯಾಗುವುದಿಲ್ಲ. ಆದರೆ ಜೂನ್ ಒಂದರಿಂದ ಜುಲೈ ಮುಗಿಯುವ ತನಕ ನಮ್ಮ ಬೋಟುಗಳು ದಕ್ಕೆಯಲ್ಲಿ ಯಾಕೆ ನಿಲ್ಲುತ್ತವೆ ಅಂತ ಮರವಂತೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆ ಇಡುವ ಮೀನು ಬಿಟ್ಟರೆ ಮುಂದಿನ ವರ್ಷ ಬಲೆಗೆ ಮೀನು. ಇಲ್ಲಿ ಮರಿಯ ತಾಯಿಯನ್ನು ಬಿಡುವುದು, ನಾಲ್ಕು ವರ್ಷ ಕಾಯಿಸುವುದು, ಹಲ್ಲು ಎಣಿಸುವುದು ಎಲ್ಲ ಅದೇ ಲೆಕ್ಕ. ಅಡ್ಮಿರಲ್ಟಿಯಲ್ಲೇ ಪ್ಯಾಕ್ ಕ್ರೀಕ್ ಅಂತ ಒಂದು ಜಾಗವಿದೆ, 1930ರ ದಶಕದಿಂದ ಅಲ್ಲಿ ಬೇಟೆಯೇ ಇಲ್ಲ, ಜನ ಕೂತು ಕರಡಿ ನೋಡುತ್ತಾರೆ.

ಅಪಾಯ ಅಂದಿರಲ್ಲ, ಕರಡಿಗಿಂತ ನೀರೇ ದೊಡ್ಡದು. ಐದಾರು ಡಿಗ್ರಿಯ ನೀರು. ಬಿದ್ದರೆ ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಒಂದು ಗಂಟೆ. ಅದಕ್ಕೇ ಲೈಫ್ ಜಾಕೆಟ್ ಮೈಮೇಲಿಂದ ತೆಗೆಯುವುದಿಲ್ಲ, ಒಬ್ಬೊಬ್ಬರಿಗೂ ಮೈ ಪೂರ್ತಿ ಮುಚ್ಚುವ ರಬ್ಬರ್ ಸೂಟ್ ಇದೆ, ಅಪಾಯದ ಕರೆಗೆಂದಿರುವ ವೈರ್‌ಲೆಸ್‌ನ 16ನೇ ಚಾನೆಲ್ ಯಾವಾಗಲೂ ತೆರೆದಿರುತ್ತದೆ, ಬೋಟು ಮುಳುಗಿದರೆ ತಾನೇ ಉಪಗ್ರಹಕ್ಕೆ ಸುದ್ದಿ ಕೊಡುವ ಪೆಟ್ಟಿಗೆಯೂ ಇದೆ. ಗಾಳಿ ಎದ್ದರೆ ಹೊರಡುವುದೇ ಇಲ್ಲ. ನಿಜವಾಗಿ ಏನೂ ಭಯವಿಲ್ಲ. ಅಮ್ಮ ರಾತ್ರಿ ನಿದ್ದೆಗೆಡುವ ಕಾರಣವೇ ಇಲ್ಲ. ಊಟ ಚೆನ್ನಾಗಿದೆ, ಕುಚಲಕ್ಕಿ ತಂದದ್ದು ಇನ್ನೂ ಇದೆ, ಬೆಚ್ಚಗಿದ್ದೇನೆ.

ಮೇ ಮುಗಿದ ಕೂಡಲೇ ನಿಶ್ಚಿತಾರ್ಥದ ಖರ್ಚಿಗೆ ಕಳಿಸುತ್ತೇನೆ, ಬಂಗಾರಕ್ಕೆ ಸಾಲ ಮಾಡಬೇಡಿ. ಇಷ್ಟು ಕೇಳಿಯೂ ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಪುಟ್ಟಿಗೆ ಬೇಜಾರು ಮಾಡಿಕೊಳ್ಳಬೇಡ ಅಂತ ಹೇಳಿ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ಭರತ ಏರಿದೆ, ಬೋಟು ಬಿಡುತ್ತಾರೆ, ಇದನ್ನು ಈಗಲೇ ಪೋಸ್ಟಿಗೆ ಹಾಕಬೇಕು. ಮುಂದಿನ ಕಾಗದ ಹತ್ತು ಹನ್ನೆರಡು ದಿನ ತಡವಾಗಬಹುದು.

ನಿಮ್ಮ ಮಗ,
ರಘು